ಗೀರು ಪರೀಕ್ಷೆಯಿಂದ ಬ್ಲೇಡಿನ ಉಕ್ಕನ್ನೂ ನೈಲಾನ್ ರೋಲರನ್ನೂ ಅಳೆಯಬಹುದೇ?

ತೀರ್ಥಹಳ್ಳಿ ವರ್ಕ್‌ಶಾಪ್:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಹಸಿ ಅಡಿಕೆ ಸುಲಿಯುವ ಯಂತ್ರಗಳ ರಿಪೇರಿ ಮತ್ತು ಅವುಗಳ ಬಿಡಿಭಾಗಗಳ ತಯಾರಿ ನಮ್ಮ ಮುಖ್ಯ ಕೆಲಸ. ಬ್ಲೇಡುಗಳನ್ನು ನಾವೇ ಕತ್ತರಿಸಿ, ಹೀಟ್ ಟ್ರೀಟ್‌ಮೆಂಟಿಗೆ (ಕುಲುಮೆಯಲ್ಲಿ ಕಾಯಿಸಿ ಅದ್ದಿ ಗಡಸು ಮಾಡುವುದಕ್ಕೆ) ಮಾತ್ರ ಹೊರಗೆ ಕೊಡುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದ. ಒಂದು ಸಲ ಬಂದ ಬ್ಲೇಡುಗಳು ಕೊಯ್ಲು ಮುಗಿಯುವವರೆಗೂ ಬಾಳುತ್ತವೆ, ಮುಂದಿನ ಸಲದವು ಕೆಲವೇ ದಿನಗಳಲ್ಲಿ ಮೊಂಡಾಗುತ್ತವೆ. ಕೆಲವಂತೂ ಅಂಚಿನಲ್ಲಿ ಚಕ್ಕೆ ಏಳುತ್ತವೆ. ಎಲ್ಲವೂ ಒಂದೇ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಕತ್ತರಿಸಿದವು. ಬೈಸಿಕೊಳ್ಳುವವರು ಮಾತ್ರ ನಾವು, ಏಕೆಂದರೆ ರೈತರಿಗೆ ಗೊತ್ತಿರುವುದು ನಮ್ಮ ಅಂಗಡಿ.

ಬ್ಲೇಡಿನ ಮೇಲೆ ಗೀರು ಎಳೆದು ಅದರ ಅಗಲ ಅಳೆದರೆ ಲೋಹದ ಗಡಸುತನ ತಿಳಿಯುತ್ತದೆ, ಪ್ಲಾಸ್ಟಿಕ್ಕಿಗೂ ಇದೇ ಪರೀಕ್ಷೆ ಇದೆ ಎಂದು ಒಂದು ಕಡೆ ಓದಿದೆ. ನಮ್ಮ ಯಂತ್ರದಲ್ಲಿ ನೈಲಾನ್ ರೋಲರ್ ಇದೆ, ಪಾರದರ್ಶಕ ಪಾಲಿಕಾರ್ಬೊನೇಟ್ ಮುಚ್ಚಳವೂ ಇದೆ. ಮುಚ್ಚಳ ಒಂದೇ ಹಂಗಾಮಿನಲ್ಲಿ ಮಂಜು ಕವಿದಂತಾಗುತ್ತದೆ. ಗಡಸುತನ ಅಳೆಯುವ ರಾಕ್‌ವೆಲ್ ಯಂತ್ರ ಕೊಳ್ಳುವ ಶಕ್ತಿ ನಮಗಿಲ್ಲ. ಲೇತ್ ಇದೆ, ಹಳೆಯದೊಂದು ಮಿಲ್ಲಿಂಗ್ ಯಂತ್ರವಿದೆ, ಕಂಪ್ಯೂಟರಿಗೆ ಜೋಡಿಸುವ ಸಣ್ಣ ಸೂಕ್ಷ್ಮದರ್ಶಕವಿದೆ. ಇಷ್ಟರಲ್ಲಿ ನಂಬುವಂತಹ ಪರೀಕ್ಷೆ ಮಾಡಿಕೊಳ್ಳಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಭದ್ರಾವತಿಯ ನಿವೃತ್ತ:

ತಮ್ಮಾ, ನಾನು ಉಕ್ಕಿನ ಕಾರ್ಖಾನೆಯ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ದುಡಿದವನು. ನಿಮ್ಮ ಕೆಲಸಕ್ಕೆ ಮೊದಲು ಬೇಕಾಗಿರುವುದು ಗಡಸುತನ ನೋಡುವ ಅರಗಳ ಸೆಟ್. ಆರು ಅರಗಳು ಬರುತ್ತವೆ: ರಾಕ್‌ವೆಲ್ ಸಿ ಲೆಕ್ಕದಲ್ಲಿ 40, 45, 50, 55, 60, 65. ದೊಡ್ಡ ಸಂಖ್ಯೆಯಿಂದ ಶುರು ಮಾಡಿ ಕೆಳಗಿಳಿಯಿರಿ. 55ರ ಅರ ಕಚ್ಚುತ್ತದೆ, 50ರದ್ದು ಜಾರುತ್ತದೆ ಎಂದರೆ ಬ್ಲೇಡು ಇವೆರಡರ ನಡುವೆ ಇದೆ. ಅರವನ್ನು ಜೋರಾಗಿ ಒತ್ತಬಾರದು, ಚೂಪಾದ ಮೂಲೆಯ ಮೇಲೆ ಉಜ್ಜಬಾರದು. ಸಮತಟ್ಟಾದ ಜಾಗದಲ್ಲಿ ಒಂದೇ ಸಲ ನಿಧಾನವಾಗಿ ಎಳೆಯಿರಿ. ಜಾರುವುದೂ ಕಚ್ಚುವುದೂ ಬೆರಳಿಗೇ ತಿಳಿಯುತ್ತದೆ. ಇದೂ ಗೀರು ಪರೀಕ್ಷೆಯೇ.

ಸಾಗರದ ಭೂವಿಜ್ಞಾನ ಮೇಷ್ಟ್ರು:

ಭೂವಿಜ್ಞಾನದವರು 1812ರಿಂದ ಖನಿಜಗಳ ಗಡಸುತನದ ಮೋಸ್ ಅವರ ಪಟ್ಟಿಯನ್ನು ಬಳಸುತ್ತಿದ್ದಾರೆ. ಬಳಪದ ಕಲ್ಲು 1, ಕ್ಯಾಲ್ಸೈಟ್ 3, ಸ್ಫಟಿಕಶಿಲೆ 7, ವಜ್ರ 10. ಯಾವುದು ಯಾವುದನ್ನು ಗೀರುತ್ತದೆ ಎಂದು ನೋಡಿದರೆ ಆಯಿತು. ಅಷ್ಟಕ್ಕೆ ಯಂತ್ರ ಏಕೆ?

ಶಿವಮೊಗ್ಗ ಲ್ಯಾಬ್:

ಶಿವಮೊಗ್ಗದ ಕಾಲೇಜೊಂದರಲ್ಲಿ ವಸ್ತುವಿಜ್ಞಾನದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಗೀರು ಪರೀಕ್ಷೆ ನನಗೆ ಬಹಳ ಪ್ರಿಯವಾದ ವಿಷಯ. ಆದ್ದರಿಂದ ಉತ್ತರ ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಮೊದಲು ಮೇಷ್ಟ್ರ ಮಾತು. ಮೋಸ್ ಪಟ್ಟಿ ಹೇಳುವುದು ಯಾವುದರ ನಂತರ ಯಾವುದು ಎಂಬ ಸಾಲನ್ನು ಮಾತ್ರ, ನಡುವಿನ ಅಂತರವನ್ನಲ್ಲ. ಭೌತವಿಜ್ಞಾನಿ ಡೇವಿಡ್ ಟೇಬರ್ 1950ರ ದಶಕದಲ್ಲಿ ಇದರ ಹಿಂದಿರುವ ಲೆಕ್ಕವನ್ನು ತೋರಿಸಿಕೊಟ್ಟರು: ಒಂದು ಮೊನೆ ಒಂದು ಮೇಲ್ಮೈಯನ್ನು ಗೀರಬೇಕಾದರೆ ಅದು ಸುಮಾರು 1.2 ಪಟ್ಟಾದರೂ ಹೆಚ್ಚು ಗಡಸಾಗಿರಬೇಕು. ನಿವೃತ್ತರು ಹೇಳಿದ ಅರಗಳ ಪರೀಕ್ಷೆ ಇದೇ ತತ್ತ್ವದ ಮೇಲೆ ನಿಂತಿದೆ ಮತ್ತು ವರ್ಕ್‌ಶಾಪಿಗೆ ಅದು ನಿಜಕ್ಕೂ ಒಳ್ಳೆಯದು. ಆದರೆ ಚೆನ್ನಾಗಿ ಬಾಳುವ ಬ್ಲೇಡಿಗೂ ಬೇಗ ಮೊಂಡಾಗುವ ಬ್ಲೇಡಿಗೂ ಇರುವ ವ್ಯತ್ಯಾಸ ಐದು ಅಂಕಗಳ ಒಳಗೇ ಇದ್ದರೆ ಅರ ಅದನ್ನು ಹಿಡಿಯಲಾರದು. ಅಲ್ಲಿ ಅಳತೆಯ ಗೀರು ಬೇಕು.

ಲೋಹಗಳ ಗೀರು ಗಡಸುತನಕ್ಕೆ ಎಎಸ್‌ಟಿಎಂ (ಪರೀಕ್ಷೆಗಳ ಮಾನದಂಡ ಪ್ರಕಟಿಸುವ ಅಮೆರಿಕದ ಸಂಸ್ಥೆ) ಜಿ171 ಎಂಬ ಮಾನದಂಡವಿದೆ. ಅದರಲ್ಲಿ ಬಳಸುವ ಮೊನೆ ರಾಕ್‌ವೆಲ್ ಯಂತ್ರದ ವಜ್ರದ ಮೊನೆಯ ಆಕಾರದ್ದೇ: 120 ಡಿಗ್ರಿ ಶಂಕು, ತುದಿಯಲ್ಲಿ 0.2 ಮಿಮೀ ತ್ರಿಜ್ಯದ ದುಂಡು. ನಿಮಗೆ ಅನುಕೂಲವಿರುವುದು ಇಲ್ಲಿ. ಪೂರ್ತಿ ಯಂತ್ರ ಕೊಳ್ಳಬೇಕಿಲ್ಲ, ಆ ಮೊನೆಯೊಂದು ಸಿಕ್ಕರೆ ಸಾಕು. ಅದನ್ನು ಒಂದು ತೋಳಿಗೆ ಕೂರಿಸಿ ಮಿಲ್ಲಿಂಗ್ ಯಂತ್ರದ ತಲೆಗೆ ಬಿಗಿಯಿರಿ, ತಿರುಗುವ ಭಾಗ ನಿಂತಿರಲಿ. ಬ್ಲೇಡನ್ನು ಮೇಜಿನ ಮೇಲೆ ಕಚ್ಚಿಸಿ ಪವರ್ ಫೀಡ್ (ಮೇಜನ್ನು ಯಂತ್ರವೇ ಸರಿಸುವ ವ್ಯವಸ್ಥೆ) ಕೊಡಿ. ತೋಳು ಮೇಲೆ ಕೆಳಗೆ ಸಲೀಸಾಗಿ ಚಲಿಸಬೇಕು, ಪಕ್ಕಕ್ಕೆ ಮಾತ್ರ ಸ್ವಲ್ಪವೂ ಅಲುಗಬಾರದು. ಒಂದರ ಮೇಲೊಂದು ಎರಡು ತೆಳು ಸ್ಪ್ರಿಂಗ್ ಪಟ್ಟಿಗಳನ್ನು ಸಮಾನಾಂತರವಾಗಿ ಇಟ್ಟು ತೋಳು ಮಾಡಿದರೆ ಎರಡೂ ಸಾಧ್ಯವಾಗುತ್ತವೆ. ತೂಕದ ಬಟ್ಟುಗಳು ಮೊನೆಯ ನೇರ ಮೇಲೆ ಕೂರಬೇಕು. ಮೊನೆಯನ್ನು ಆಗಾಗ ಸೂಕ್ಷ್ಮದರ್ಶಕದಲ್ಲಿ ನೋಡಿ. ವಜ್ರದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಮುಂದಿನ ಅಳತೆಗಳೆಲ್ಲ ವ್ಯರ್ಥ.

ಈಗ ಲೆಕ್ಕ. ಲೋಹದಲ್ಲಿ ಮೊನೆ ಮುಂದೆ ಸರಿದಾಗ ಅದರ ಹಿಂಭಾಗ ಚರಂಡಿಯಲ್ಲಿ ತೇಲುತ್ತಿರುತ್ತದೆ, ಯಾವುದಕ್ಕೂ ತಾಗಿರುವುದಿಲ್ಲ. ಭಾರ ಹೊರುವುದು ಮುಂದಿನ ಅರ್ಧವೃತ್ತ ಮಾತ್ರ. ಆದ್ದರಿಂದ ಗಡಸುತನವೆಂದರೆ ಭಾರವನ್ನು ಆ ಅರ್ಧವೃತ್ತದ ವಿಸ್ತೀರ್ಣದಿಂದ ಭಾಗಿಸಿದ್ದು. ಬಿಡಿಸಿ ಬರೆದರೆ: 8 × ಭಾರ ÷ (ಪೈ × ಅಗಲದ ವರ್ಗ). ಎರಡು ಕಿಲೋ ಬಟ್ಟು ಎಂದರೆ 19.6 ನ್ಯೂಟನ್. ಗೀರಿನ ಅಗಲ 0.18 ಮಿಮೀ ಬಂದರೆ ಗಡಸುತನ ಸುಮಾರು 1,540 ಮೆಗಾಪಾಸ್ಕಲ್ (ಚದರ ಮಿಮೀಗೆ ಇಷ್ಟು ನ್ಯೂಟನ್ ಎಂದರ್ಥ). ಇದು ಮೆದು ಉಕ್ಕು. ಅದರ ಅರ್ಧ, 0.09 ಮಿಮೀ, ಬಂದರೆ ಸುಮಾರು 6,160. ಅಗಲ ಅರ್ಧವಾದರೆ ಗಡಸುತನ ನಾಲ್ಕು ಪಟ್ಟು. ಅಗಲವನ್ನು ವರ್ಗ ಮಾಡುವುದರಿಂದ ನಿಮ್ಮ ಕಣ್ಣು 0.09ರಲ್ಲಿ 0.01 ಮಿಮೀ ತಪ್ಪಿದರೂ ಉತ್ತರ ಸುಮಾರು ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಏರುಪೇರಾಗುತ್ತದೆ. ಸೂಕ್ಷ್ಮದರ್ಶಕದ ಅಳತೆಯನ್ನು ಗೆರೆ ಕೊರೆದ ಗಾಜಿನ ಪಟ್ಟಿಯ ಮೇಲೆ ಮೊದಲು ಸರಿಪಡಿಸಿಕೊಳ್ಳಿ. ಒಂದೇ ಗೀರಿನ ಹಲವು ಕಡೆ ಅಳೆದು ಸರಾಸರಿ ತೆಗೆಯಿರಿ.

ಇನ್ನೊಂದು ಸೂಕ್ಷ್ಮ. ಅಗಲ 0.2 ಮಿಮೀ ಒಳಗಿರುವವರೆಗೆ ಲೋಹಕ್ಕೆ ತಾಗುವುದು ಮೊನೆಯ ದುಂಡು ಭಾಗ ಮಾತ್ರ. ಅದನ್ನು ಮೀರಿದರೆ ಶಂಕು ತಾಗತೊಡಗುತ್ತದೆ. ಆದ್ದರಿಂದ ಹೋಲಿಸಬೇಕಾದ ಬ್ಲೇಡುಗಳಿಗೆಲ್ಲ ಒಂದೇ ಭಾರ ಬಳಸಿ.

ಅಗಲ ಅಳೆದು ಮುಗಿಸಬೇಡಿ, ಗೀರಿನ ಅಂಚನ್ನೂ ನೋಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಮೆದು ಲೋಹದಲ್ಲಿ ಮೊನೆ ನೇಗಿಲು ಹೊಡೆದ ಸಾಲಿನಂತೆ ಇಕ್ಕೆಲಕ್ಕೂ ಬದು ಎಬ್ಬಿಸುತ್ತದೆ. ಲೋಹ ಎಲ್ಲಿಯೂ ಕಳೆದುಹೋಗಿರುವುದಿಲ್ಲ, ಸರಿದು ನಿಂತಿರುತ್ತದೆ. ಚೂಪು ಮೊನೆಗೆ, ಗಡಸು ಲೋಹಕ್ಕೆ ಬದು ತಗ್ಗುತ್ತದೆ, ಲೋಹ ಸುರುಳಿಯಾಗಿ ಕತ್ತರಿಸಿ ಬರುತ್ತದೆ. ಹದ ತಪ್ಪಿ ಬಿರುಸಾದ (ಬಾಗದೆ ಮುರಿಯುವ) ಉಕ್ಕಿನಲ್ಲಿ ಅಂಚಿನ ಉದ್ದಕ್ಕೂ ಸಣ್ಣ ಬಿರುಕುಗಳು ಕಾಣಬಹುದು. ನಿಮ್ಮ ಬ್ಲೇಡಿನಲ್ಲಿ ಚಕ್ಕೆ ಏಳುವ ಸುಳಿವು ಅಗಲದಲ್ಲಿ ಸಿಗುವುದಿಲ್ಲ, ಸಿಕ್ಕರೆ ಅಂಚಿನಲ್ಲಿಯೇ ಸಿಗಬೇಕು. ಬಿರುಕು ತಾಳುವ ಗುಣವನ್ನು ಗೀರಿನಿಂದಲೇ ಅಳೆಯುವ ದಾರಿಯೂ ಇದೆ: ಅಕೋನೋ, ರೀಸ್ ಮತ್ತು ಉಲ್ಮ್ ಎಂಬ ಸಂಶೋಧಕರು 2011ರಲ್ಲಿ ಅದನ್ನು ಪ್ರಕಟಿಸಿದರು. ಮೊನೆಯನ್ನು ಎಳೆಯಲು ಬೇಕಾಗುವ ಅಡ್ಡ ಬಲವನ್ನು ಆಳದೊಂದಿಗೆ ಹೋಲಿಸುವುದು ಅದರ ತಿರುಳು. ಶಂಕುವಿನ ಮೊನೆಗೆ, ವಸ್ತು ಬರೀ ಹರಿದು ಸರಿಯುತ್ತಿದ್ದರೆ ಬಲ ಆಳದ ವರ್ಗದಂತೆ ಏರುತ್ತದೆ. ಬಿರುಕು ಬಿಟ್ಟು ಏಳುತ್ತಿದ್ದರೆ ಆಳದ ಒಂದೂವರೆ ಘಾತದಂತೆ. ಅದಕ್ಕೆ ಬಲಮಾಪಕವೂ ಆಳಮಾಪಕವೂ ಬೇಕು, ನಿಮ್ಮ ಅಂಗಡಿಗೆ ಸದ್ಯಕ್ಕೆ ಅದು ಬೇಡ.

ಗೀರು ಎಳೆಯುವ ಮುನ್ನ ಬ್ಲೇಡನ್ನು ನಯವಾದ ಎಮರಿ ಕಾಗದದಲ್ಲಿ ಉಜ್ಜಿ. ಆಮೇಲೆ ಅದೇ ಬ್ಲೇಡಿನ ಮೇಲ್ಮೈಯನ್ನು 0.3 ಮಿಮೀ ಸಾಣೆ ಹಿಡಿದು, ಬಿಸಿಯಾಗಲು ಬಿಡದೆ, ಇನ್ನೊಂದು ಗೀರು ಎಳೆಯಿರಿ. ಎರಡನ್ನೂ ಇಲ್ಲಿ ಬರೆಯಿರಿ. ಕಾರಣ ಆಮೇಲೆ ಹೇಳುತ್ತೇನೆ.

ತೀರ್ಥಹಳ್ಳಿ ವರ್ಕ್‌ಶಾಪ್:

ಮೇಡಂ, ನೀವು ಹೇಳಿದಂತೆಯೇ ಮಾಡಿದೆ. ಪರಿಚಯದವರೊಬ್ಬರ ಬಳಿ ಬಳಸದೆ ಬಿದ್ದಿದ್ದ ರಾಕ್‌ವೆಲ್ ಮೊನೆ ಸಿಕ್ಕಿತು. ಎರಡು ಕಿಲೋ ಭಾರ. ಚೆನ್ನಾಗಿ ಬಾಳಿದ ಬ್ಲೇಡಿನಲ್ಲಿ ಅಗಲ 0.09 ಮಿಮೀ. ಬೇಗ ಮೊಂಡಾದದ್ದರಲ್ಲಿ 0.13. ಮೊಂಡಾದದ್ದನ್ನೇ ಸಾಣೆ ಹಿಡಿದ ಮೇಲೆ 0.10! ಒಂದೇ ಬ್ಲೇಡು ಎರಡು ಉತ್ತರ ಕೊಡುತ್ತಿದೆ.

ಉತ್ಸಾಹದಲ್ಲಿ ನೈಲಾನಿನ ಮೇಲೂ ಅರ್ಧ ಕಿಲೋ ಇಟ್ಟು ಎಳೆದೆ. ಅಟ್ಟದ ಮೇಲೆ ಒಲೆಯ ಕಾವಿಗೆ ಒಣಗಿದ್ದ ತುಂಡಿನಲ್ಲಿ 0.32 ಮಿಮೀ. ಅದೇ ಸರಳಿನಿಂದ ಕತ್ತರಿಸಿ, ತೊಟ್ಟಿಯ ನೀರಿನಲ್ಲಿ ಬಹಳ ದಿನ ಬಿದ್ದಿದ್ದ ತುಂಡಿನಲ್ಲಿ 0.41. ಇದನ್ನೂ ಅದೇ ಸೂತ್ರಕ್ಕೆ ಹಾಕಲೇ?

ಶಿವಮೊಗ್ಗ ಲ್ಯಾಬ್:

ಬಹಳ ಸಂತೋಷವಾಯಿತು. ಇಷ್ಟು ಶುದ್ಧವಾದ ಅಳತೆ ಬರೆದವರಿಗೆ ಉತ್ತರ ಕೊಡುವುದೇ ಒಂದು ಖುಷಿ.

ಉಕ್ಕಿನದು ಸ್ಪಷ್ಟವಾಗಿದೆ. 0.13 ಎಂದರೆ ಸುಮಾರು 2,950 ಮೆಗಾಪಾಸ್ಕಲ್, 0.10 ಎಂದರೆ ಸುಮಾರು 5,000. ಬ್ಲೇಡಿನ ಒಡಲು ಸಾಕಷ್ಟು ಗಡಸಾಗಿದೆ, ಚರ್ಮ ಮೆದುವಾಗಿದೆ. ಕುಲುಮೆಯಲ್ಲಿ ಗಾಳಿ ಆಡುತ್ತಿರುವಾಗ ಉಕ್ಕನ್ನು ಹೆಚ್ಚು ಹೊತ್ತು ಕೆಂಪಗೆ ಇಟ್ಟರೆ ಮೇಲ್ಮೈಯ ಇಂಗಾಲ ಸುಟ್ಟುಹೋಗುತ್ತದೆ. ಇಂಗಾಲವಿಲ್ಲದ ಪದರ ನೀರಿಗೆ ಅದ್ದಿದರೂ ಎಣ್ಣೆಗೆ ಅದ್ದಿದರೂ ಗಡಸಾಗುವುದಿಲ್ಲ. ಬ್ಲೇಡಿನ ಅಂಚು ಆ ಪದರದಲ್ಲಿಯೇ ಇದ್ದರೆ ಬೇಗ ಮೊಂಡಾಗದೆ ಇನ್ನೇನಾಗುತ್ತದೆ? ಗೀರು ಪರೀಕ್ಷೆ ಮೇಲಿನ ಕೆಲವು ಮೈಕ್ರಾನುಗಳನ್ನು ಮಾತ್ರ ಕೇಳುತ್ತದೆ. ಅದರ ಮಿತಿ ಎನ್ನುವವರಿದ್ದಾರೆ. ನಿಮ್ಮ ವಿಷಯದಲ್ಲಿ ಅದೇ ಅದರ ಬಲ, ಏಕೆಂದರೆ ಅಡಿಕೆಯ ಸಿಪ್ಪೆಗೆ ತಾಗುವುದೂ ಅಷ್ಟೇ ಮೈಕ್ರಾನು.

ಈ ಸಂಖ್ಯೆಗಳನ್ನು ನೇರವಾಗಿ ರಾಕ್‌ವೆಲ್ ಅಂಕಕ್ಕೆ ಬದಲಾಯಿಸಬೇಡಿ. ಗೀರುವಾಗ ಲೋಹ ಒತ್ತುವಾಗಿನದಕ್ಕಿಂತ ಹೆಚ್ಚು ವಿರೂಪಗೊಳ್ಳುತ್ತದೆ, ವಿರೂಪಗೊಂಡಂತೆ ಇನ್ನಷ್ಟು ಗಡಸಾಗುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಇದು ತುಂಬಾ ಹೆಚ್ಚು. ಗಡಸುತನ ಗೊತ್ತಿರುವ ಒಂದೆರಡು ರಾಕ್‌ವೆಲ್ ತುಂಡುಗಳ ಮೇಲೆ ನಿಮ್ಮ ಮೊನೆಯಿಂದಲೇ ಗೀರು ಎಳೆದು, ಅವುಗಳೊಂದಿಗೆ ಹೋಲಿಸಿ.

ಇನ್ನು ನೈಲಾನ್. ದಯವಿಟ್ಟು ಆ ಸೂತ್ರಕ್ಕೆ ಹಾಕಬೇಡಿ. ಪ್ಲಾಸ್ಟಿಕ್ಕಿನಲ್ಲಿ ಮೊನೆಯ ಹಿಂದೆಯೂ ವಸ್ತು ಮರಳಿ ಮೇಲೇರಿ ತಾಗಿರುತ್ತದೆ. ಪೂರ್ತಿ ವೃತ್ತ ಭಾರ ಹೊತ್ತಿದೆಯೋ, ಅರ್ಧವೋ, ಎರಡರ ನಡುವೆಯೋ ಎಂಬುದು ವಸ್ತುವಿನ ಮೇಲೆ, ವೇಗದ ಮೇಲೆ, ಆ ದಿನದ ಬಿಸಿಯ ಮೇಲೆ ನಿಂತಿದೆ. ಗೀರು ಎಳೆದ ತಕ್ಷಣ ಅಳೆದರೆ ಒಂದು, ಮರುದಿನ ಅಳೆದರೆ ಇನ್ನೊಂದು; ಅಷ್ಟರಲ್ಲಿ ಚರಂಡಿಯ ತಳ ಸಾಕಷ್ಟು ಮೇಲೆದ್ದಿರುತ್ತದೆ. ಲೋಹದಲ್ಲಿ ವೇಗವನ್ನು ಸ್ವಲ್ಪ ಬದಲಿಸಿದರೆ ದೊಡ್ಡ ನಷ್ಟವಿಲ್ಲ, ಪ್ಲಾಸ್ಟಿಕ್ಕಿನಲ್ಲಿ ವೇಗವೇ ಉತ್ತರವನ್ನು ಬದಲಿಸುತ್ತದೆ. ಆದ್ದರಿಂದಲೇ ಪ್ಲಾಸ್ಟಿಕ್ಕಿಗೆ ಮಾನದಂಡವೇ ಬೇರೆ: ಎಎಸ್‌ಟಿಎಂ ಡಿ7027, ಐಎಸ್‌ಒ 19252. ಅಲ್ಲಿ ವಜ್ರದ ಬದಲು 1 ಮಿಮೀ ವ್ಯಾಸದ ದುಂಡು ಮೊನೆ, ಸೆಕೆಂಡಿಗೆ 100 ಮಿಮೀ ವೇಗ, ಉದ್ದಕ್ಕೂ ಏರುತ್ತಾ ಹೋಗುವ ಭಾರ. ಗಡಸುತನದ ಸಂಖ್ಯೆಗಿಂತ ಮುಖ್ಯವಾಗಿ ಅಲ್ಲಿ ಕೇಳುವ ಪ್ರಶ್ನೆ, ಯಾವ ಭಾರದಲ್ಲಿ ಗೀರು ಕಣ್ಣಿಗೆ ಕಾಣತೊಡಗುತ್ತದೆ, ಯಾವ ಭಾರದಲ್ಲಿ ಬಿಳಿಚಿಕೊಳ್ಳುತ್ತದೆ, ಯಾವ ಭಾರದಲ್ಲಿ ಹರಿಯುತ್ತದೆ ಎಂಬುದು. ಪಾಲಿಪ್ರೊಪಿಲೀನಿನ ಗೀರಿನಲ್ಲಿ ಮೀನಿನ ಹುರುಪೆಯಂತಹ ಗುರುತುಗಳು ಸಾಲಾಗಿ ಕಾಣುತ್ತವೆ. ಮೊನೆ ಅಂಟಿ, ಜಾರಿ, ಮತ್ತೆ ಅಂಟಿ ಮುಂದೆ ಹೋದದ್ದರ ಗುರುತು ಅದು.

ಹಾಗೆಂದು ನಿಮ್ಮ 0.32 ಮತ್ತು 0.41 ವ್ಯರ್ಥವಲ್ಲ. ಅದೇ ಮೊನೆ, ಅದೇ ಭಾರ, ಅದೇ ವೇಗವಾದ್ದರಿಂದ ಎರಡನ್ನೂ ಹೋಲಿಸಬಹುದು, ಮತ್ತು ಅವು ಮಲೆನಾಡಿನ ಯಂತ್ರ ತಯಾರಕರೆಲ್ಲ ತಿಳಿಯಬೇಕಾದ ಸಂಗತಿಯನ್ನು ಹೇಳುತ್ತಿವೆ. ನೈಲಾನ್ ನೀರು ಕುಡಿಯುತ್ತದೆ. ನೈಲಾನ್ 6 ನೀರಿನಲ್ಲಿ ಪೂರ್ತಿ ನೆನೆದರೆ ತನ್ನ ತೂಕದ ಸುಮಾರು ಶೇಕಡಾ 9ರಷ್ಟನ್ನು ಹೀರಿಕೊಳ್ಳುತ್ತದೆ. ನೀರಿನ ಅಣುಗಳು ಸರಪಳಿಗಳ ನಡುವಿನ ಹಿಡಿತವನ್ನು ಸಡಿಲಿಸುತ್ತವೆ. ಒಣ ನೈಲಾನ್ ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ಶುರುವಾದರೆ, ನೆನೆದದ್ದು ಮನೆಯ ಸಾಮಾನ್ಯ ಬಿಸಿಯಲ್ಲೇ ಆ ಸ್ಥಿತಿಗೆ ಬಂದಿರುತ್ತದೆ. ಜೊತೆಗೆ ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಬೋರ್ ಹೊಡೆದ ರೋಲರ್, ಆಗುಂಬೆಯ ಮಳೆಯ ಗಾಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಕೊಯ್ಲಿನ ಹೊತ್ತಿಗೆ ಶಾಫ್ಟನ್ನು ಹಿಡಿದುಕೊಂಡರೆ ಅದಕ್ಕೆ ಇದೇ ಕಾರಣ. ಬಯಲುಸೀಮೆಯ ಒಣ ಹವೆಯಲ್ಲಿ ಪರೀಕ್ಷಿಸಿದ ರೋಲರ್ ಇಲ್ಲಿಗೆ ಬಂದಾಗ ಬೇರೆಯೇ ವಸ್ತುವಾಗಿರುತ್ತದೆ. ನೀರು ಹೀರದ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಸರಳು ತರಿಸಿ, ಒಂದು ತುಂಡನ್ನು ಒಣಗಿಸಿ ಇನ್ನೊಂದನ್ನು ನೆನೆಸಿ ಅದೇ ಗೀರು ಎಳೆದು ನೋಡಿ. ಅದು ನೈಲಾನಿಗಿಂತ ಮೆದು, ಅಗಲ ಹೆಚ್ಚೇ ಬರುತ್ತದೆ. ಆದರೆ ಒಣಗಿದ್ದಕ್ಕೂ ನೆನೆದದ್ದಕ್ಕೂ ವ್ಯತ್ಯಾಸವಿರುವುದಿಲ್ಲ. ಉಜ್ಜುವ ಸವೆತಕ್ಕೆ ಅದು ಬಹಳ ಚೆನ್ನಾಗಿ ಬಾಳುತ್ತದೆ ಎಂಬುದೂ ನೆನಪಿರಲಿ. ಅಗಲವಾದ ಗೀರು ಎಂದರೆ ಬೇಗ ಸವೆಯುವ ವಸ್ತು ಎಂದು ಪ್ಲಾಸ್ಟಿಕ್ಕಿನಲ್ಲಿ ತೀರ್ಮಾನಿಸಲಾಗದು. ರಬ್ಬರ್ ಭಾಗಗಳಿದ್ದರೆ ಅವಕ್ಕೆ ಗೀರು ಪರೀಕ್ಷೆಯೇ ಬೇಡ, ರಬ್ಬರಿನ ಗಡಸುತನ ಅಳೆಯುವ ಶೋರ್ ಮಾಪಕ ಸಾಕು.

ಮುಚ್ಚಳದ ವಿಷಯ ಚಿಕ್ಕದು. ಅಡಿಕೆ ಸಿಪ್ಪೆ ಪಾಲಿಕಾರ್ಬೊನೇಟನ್ನು ಗೀರುವುದಿಲ್ಲ, ನೆಲಕ್ಕೆ ಬಿದ್ದ ಗೊನೆಯ ಜೊತೆ ಬರುವ ಮರಳು ಗೀರುತ್ತದೆ. ಮೇಷ್ಟ್ರು ಹೇಳಿದ 7ನೇ ಅಂಕದ ಸ್ಫಟಿಕಶಿಲೆಯೇ ಆ ಮರಳು. ಒಣ ಬಟ್ಟೆಯಲ್ಲಿ ಒರೆಸಿದರೆ ನಾವೇ ಮರಳನ್ನು ಉಜ್ಜಿದಂತೆ. ಮೊದಲು ನೀರು ಹೊಯ್ದು ತೊಳೆಯಲು ರೈತರಿಗೆ ಹೇಳಿ. ಚೊಗರಿನ ಕಲೆ ತೆಗೆಯಲು ಥಿನ್ನರ್ ಹಾಕಬಾರದು, ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ಗಡಸು ಲೇಪನವಿರುವ ಹಾಳೆಯೂ ಸಿಗುತ್ತದೆ, ಸ್ವಲ್ಪ ದುಬಾರಿ. ಅಕ್ರಿಲಿಕ್ ಹಾಳೆಗೆ ಗೀರು ಕಡಿಮೆ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ತಿರುಗುವ ಬ್ಲೇಡಿನ ಮುಂದೆ ಅದನ್ನು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಇದೇ ಮರಳು ನಿಮ್ಮ ಬ್ಲೇಡಿಗೂ ಶತ್ರು. ಗಡಸುಗೊಳಿಸಿದ ಉಕ್ಕಿಗಿಂತ ಸ್ಫಟಿಕಶಿಲೆ ಗಡಸು; ಟೇಬರ್ ಅವರ 1.2 ಪಟ್ಟಿನ ಗಡಿಯನ್ನು ಸುಲಭವಾಗಿ ದಾಟುತ್ತದೆ. ಎಂತಹ ಹೀಟ್ ಟ್ರೀಟ್‌ಮೆಂಟೂ ಅದನ್ನು ತಡೆಯಲಾರದು. ಗೊನೆಯನ್ನು ಟಾರ್ಪಾಲಿನ ಮೇಲೆ ಇಳಿಸುವ ಮನೆಗಳ ಬ್ಲೇಡುಗಳನ್ನೂ ಮಣ್ಣಿನ ಅಂಗಳದಲ್ಲಿ ರಾಶಿ ಹಾಕುವ ಮನೆಗಳ ಬ್ಲೇಡುಗಳನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಉಕ್ಕಿನ ದೋಷ ಯಾವುದು, ಮರಳಿನ ದೋಷ ಯಾವುದು ಎಂದು ತಿಳಿಯುವುದಿಲ್ಲ.

ತೀರ್ಥಹಳ್ಳಿ ವರ್ಕ್‌ಶಾಪ್:

ಮೇಡಂ, ರೋಲರ್ ಹಿಡಿದುಕೊಳ್ಳುವ ವಿಷಯ ನಾನು ಇಲ್ಲಿ ಬರೆದೇ ಇರಲಿಲ್ಲ. ಆದರೆ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಅದೇ ದೂರು ಬರುತ್ತದೆ. ಬೇರಿಂಗ್ ಕೆಟ್ಟಿದೆ ಎಂದು ನಾವು ಬೇರಿಂಗ್ ಬದಲಿಸುತ್ತಿದ್ದೆವು. ಪಾಲಿಎಥಿಲೀನ್ ಸರಳು ಈಗಲೇ ತರಿಸುತ್ತೇನೆ. ಇನ್ನೊಂದು ಪ್ರಶ್ನೆ ಉಳಿದಿದೆ: ಚಕ್ಕೆ ಏಳುವ ಬ್ಲೇಡಿನಲ್ಲಿ ಅಗಲ 0.08 ಬಂತು, ಅಂಚಿನಲ್ಲಿ ಬಿರುಕಿನ ಗೆರೆಗಳೂ ಕಾಣುತ್ತಿವೆ. ಅದನ್ನು ಉಳಿಸಿಕೊಳ್ಳಬಹುದೇ?

ಭದ್ರಾವತಿಯ ನಿವೃತ್ತ:

ಇದಕ್ಕೆ ನಾನು ಹೇಳುತ್ತೇನೆ. ಅದು ಎಣ್ಣೆಗೆ ಅದ್ದಿ ತೆಗೆದ ಮೇಲೆ ಟೆಂಪರಿಂಗ್ (ಬಿರುಸು ತಗ್ಗಲು ಮತ್ತೆ ಹದವಾಗಿ ಕಾಯಿಸುವುದು) ಮಾಡದೆ, ಅಥವಾ ಅರೆಬರೆ ಮಾಡಿ, ಕಳಿಸಿದ ಬ್ಲೇಡು. ಗೀರಿನ ಹೊರಗೆ, ಸಾಣೆ ಹಿಡಿದ ಅಂಚಿನಲ್ಲಿಯೇ ಬಿರುಕು ಕಂಡರೆ ಅದನ್ನು ಗುಜರಿಗೆ ಹಾಕಿ. ತಿರುಗುವಾಗ ಮುರಿದು ಹಾರಿದರೆ ಕೈಯೋ ಕಣ್ಣೋ ಹೋಗುತ್ತದೆ. ಗೀರಿನ ಪಕ್ಕದಲ್ಲಿ ಮಾತ್ರ ಇದ್ದರೆ ಅದೇ ಗುಂಪಿನ ಉಳಿದ ಬ್ಲೇಡುಗಳನ್ನು ಹೊಳಪು ಬರುವಂತೆ ಉಜ್ಜಿ, 230 ಡಿಗ್ರಿಯ ಆಸುಪಾಸಿನಲ್ಲಿ, ಮೇಲ್ಮೈ ಒಣ ಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿ, ಒಂದು ಗಂಟೆಯಾದರೂ ಆ ಬಿಸಿಯಲ್ಲಿ ಇಟ್ಟು ತಣಿಸಿ. ನೀಲಿ ಬಣ್ಣಕ್ಕೆ ಹೋಗಲು ಬಿಡಬೇಡಿ. 300ರ ಸುತ್ತಮುತ್ತ ಇಂತಹ ಉಕ್ಕು ಗಡಸುತನವನ್ನೂ ಕಳೆದುಕೊಳ್ಳುತ್ತದೆ, ಬಿರುಸೂ ಆಗುತ್ತದೆ. ಆಮೇಲೆ ಮೇಡಂ ಹೇಳಿದ ಗೀರನ್ನು ಮತ್ತೆ ಎಳೆಯಿರಿ. ಅಗಲ ಸ್ವಲ್ಪ ಹೆಚ್ಚಿ, ಬಿರುಕಿನ ಗೆರೆಗಳು ಇಲ್ಲವಾಗಿದ್ದರೆ ಬಳಸಬಹುದು.

ಮುಂದಿನ ಸಲ ಹೀಟ್ ಟ್ರೀಟ್‌ಮೆಂಟಿಗೆ ಕೊಡುವಾಗ ಬ್ಲೇಡನ್ನು ಪ್ರತಿ ಬದಿಗೆ 0.3 ಮಿಮೀ ಹೆಚ್ಚು ದಪ್ಪ ಬಿಟ್ಟು ಕತ್ತರಿಸಿ ಕೊಡಿ, ಬಂದ ಮೇಲೆ ಸಾಣೆ ಹಿಡಿದು ಆ ಚರ್ಮ ತೆಗೆಯಿರಿ. ಅದ್ದಿದ ತಕ್ಷಣವೇ ಟೆಂಪರಿಂಗ್ ಆಗಬೇಕು ಎಂದು ಆರ್ಡರ್ ಚೀಟಿಯಲ್ಲಿ ಬರೆಯಿರಿ. ಪ್ರತಿ ಗುಂಪಿನ ಜೊತೆ ಅದೇ ಪಟ್ಟಿಯ ಒಂದು ಸಣ್ಣ ತುಂಡನ್ನೂ ತಂತಿಯಲ್ಲಿ ಕಟ್ಟಿ ಕಳಿಸಿ. ಗೀರು ಎಳೆಯಲು ಆ ತುಂಡು ಸಾಕು, ಬ್ಲೇಡು ಹಾಳು ಮಾಡಬೇಕಾಗಿಲ್ಲ.